ದರಕಿನ ಹೊರೆ, ಕವಳದ ಬಟ್ಟಲು

ತಮ್ಮಾ, ಬೆಂಗಳೂರಿನ ನೌಕರಿ ಬಿಟ್ಟು ತೋಟ ನೋಡಿಕೊಳ್ಳಲು ಇಡಗುಂಜಿಗೆ ಬಂದಿದ್ದೀರಿ, ನೀನೂ, ನಾನು ತಂಗಿ ಎಂದೇ ಕರೆಯುವ ನಿನ್ನ ಹೆಂಡತಿಯೂ. ಸಂತೋಷವೇ. ನಿಮ್ಮ ಆರೋಗ್ಯದ ಶಿಸ್ತನ್ನೂ ನೋಡುತ್ತಿದ್ದೇನೆ. ಬೆಳಿಗ್ಗೆ ಎದ್ದು ಬಿಸಿನೀರಿಗೆ ಲಿಂಬೆಹಣ್ಣು, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು, ತಿಂಡಿಗೆ ಓಟ್ಸು. ಬೇಡ ಎನ್ನುವುದಿಲ್ಲ. ಆದರೆ ಅದೆಲ್ಲ ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಹೇಳಿದ ಪಥ್ಯ. ಇನ್ನು ಮೇಲೆ ನೀವು ಕೂರುವುದು ಕಡಿಮೆ. ಇಲ್ಲಿಯ ಕಾಯಿಲೆಗಳು ಇಲ್ಲಿಯ ಕೆಲಸದ ಬೆನ್ನು ಹತ್ತಿಯೇ ಬರುತ್ತವೆ. ಬೆಟ್ಟದ ದರಕಿನಲ್ಲಿ ಬರುತ್ತವೆ, ಗದ್ದೆಯ ಕೆಸರಿನಲ್ಲಿ ಬರುತ್ತವೆ, ಜಗುಲಿಯ ಮೇಲಿನ ಎಲೆ-ಅಡಿಕೆಯ ಕವಳದ ಬಟ್ಟಲಿನಲ್ಲಿಯೂ ಬರುತ್ತವೆ. ಹಾಗಾಗಿ ಅಭ್ಯಾಸಗಳನ್ನೂ ಈ ಊರಿಗೆ ತಕ್ಕಂತೆ ಮಾಡಿಕೊಳ್ಳಬೇಕು. ಆರೋಗ್ಯ ಇಲಾಖೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೂ ಊರವರ ಬಾಯಲ್ಲಿ ನರ್ಸಬಾಯಿಯಾಗಿಯೇ ಉಳಿದವಳು ನಾನು. ಅತ್ತೆ ಎಂಬ ಸಲಿಗೆಯೂ ಇದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಒಂದು ಲೆಕ್ಕ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಎದೆ ಹಿಡಿದುಕೊಂಡರೆ ಆಟೋ ಹತ್ತಿ ಹೋಗುವಷ್ಟು ದೂರದಲ್ಲಿ ನಾಲ್ಕಾರು ಆಸ್ಪತ್ರೆ ಇರುತ್ತವೆ. ಇಲ್ಲಿ ಹೃದಯದ್ದು, ಮಿದುಳಿನದು, ದೊಡ್ಡ ಅಪಘಾತದ್ದು ಎಂದರೆ ಜನ ಹೊರಡುವುದು ಮಣಿಪಾಲಕ್ಕೆ, ಮಂಗಳೂರಿಗೆ, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಗೆ. ಹತ್ತಿರದ್ದೆನ್ನುವ ಮಣಿಪಾಲವೇ ನೂರು ಕಿಲೋಮೀಟರಿಗೂ ಮೇಲೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸು ಶಿರೂರಿನ ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಮಗುಚಿತು. ನಾಲ್ಕು ಜೀವ ಹೋಯಿತು. ಅದಾದ ಮೇಲೆ ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಜೋರಾಯಿತು ಎಂಬುದನ್ನು ನೀವೂ ಫೋನಿನಲ್ಲಿ ನೋಡಿದ್ದೀರಿ. ಆ ಕೂಗು ನ್ಯಾಯದ್ದು, ನಾನೂ ಕೂಗಿದವಳೇ. ಆದರೆ ಆಸ್ಪತ್ರೆ ಬರುವ ತನಕ ಆ ದಾರಿ ಹಿಡಿಯುವ ಪ್ರಸಂಗವನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಈಗ ದರಕಿನ ವಿಚಾರ. ಕೊನೆಕೊಯ್ಲು ಒಂದು ಹಂತಕ್ಕೆ ಬರುತ್ತಿದ್ದಂತೆ ನಮ್ಮ ಕಡೆ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸುವ ಕೆಲಸ ಶುರುವಾಗುತ್ತದೆ. ಒಣಗಿದ ಎಲೆಯನ್ನು ಒಟ್ಟುಮಾಡಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅಲ್ಲಿಂದ ಅದು ಗೊಬ್ಬರಗುಂಡಿಗೆ, ಗುಂಡಿಯಿಂದ ಅಡಿಕೆಯ ಬುಡಕ್ಕೆ. ತೋಟದ ಜೀವ ಇರುವುದೇ ಈ ದರಕಿನಲ್ಲಿ. ಇದೇ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇ ತನಕ, ಕಾಡಿನಲ್ಲಿ ಉಣುಗಿನ ಮರಿಗಳೂ ಏಳುತ್ತವೆ. ಮಂಗನ ಕಾಯಿಲೆ ಎನ್ನುವುದು ಈ ಮರಿ ಉಣುಗು ಕಚ್ಚಿ ಬರುವ ಜ್ವರ. ಎಳ್ಳುಕಾಳಿನಷ್ಟೂ ಇಲ್ಲದ ಹುಳ, ಕಚ್ಚಿದರೆ ಗೊತ್ತೂ ಆಗುವುದಿಲ್ಲ.

ಹೆಸರು ಕೇಳಿ ಜನ ಮಂಗನಿಗೆ ಬೈಯುತ್ತಾರೆ. ಪಾಪ, ಅದು ನಮಗಿಂತ ಮೊದಲು ಸಾಯುವ ಪ್ರಾಣಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸಾಲುಸಾಲಾಗಿ ಸತ್ತವು. ಹಿಂದೆಯೇ ಊರಿನ ಜನರಿಗೂ ಜ್ವರ ಬಂತು. ಆಗಲೇ ಈ ವೈರಸ್ಸು ಪತ್ತೆಯಾದದ್ದು. ಆ ಕಾಡಿನ ಹೆಸರಿನಿಂದಲೇ ಇವತ್ತಿಗೂ ಜಗತ್ತಿನ ವೈದ್ಯರು ಅದನ್ನು ಕರೆಯುತ್ತಾರೆ. ಆಮೇಲೆ ಅದು ಕಾಡಿನ ಗಡಿ ಹಿಡಿದು ಸಿದ್ದಾಪುರ, ಹೊನ್ನಾವರ, ಭಟ್ಕಳ, ಕುಮಟೆಗಳಿಗೂ ಬಂತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆ ಕಣ್ಣೀರು ಹಾಕಿದವು ಎಂಬುದು ಶರಾವತಿ ಕಣಿವೆಯ ನಮಗೆಲ್ಲ ನೆನಪಿದೆ. ಜ್ವರ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಗೆ ಸಾಕಷ್ಟು ಬಲ ಇಲ್ಲವೆಂದು ಅದನ್ನು ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆಯುತ್ತಿದೆ. ಹಾಗಾದರೆ ಉಳಿದದ್ದು ಏನು? ಉಣುಗು ಕಚ್ಚದ ಹಾಗೆ ನೋಡಿಕೊಳ್ಳುವುದು, ಅಷ್ಟೇ.

ಬೆಟ್ಟಕ್ಕೆ ಹೋಗುವ ಮೊದಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಕೈಗೆ, ಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳಿ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಜಿಡ್ಡು ಎಂದು ಜನ ಬಾಟಲಿಯನ್ನು ಬಚ್ಚಲ ಗೂಡಿನಲ್ಲಿಟ್ಟು ಮರೆಯುತ್ತಿದ್ದರು. ಬಾಟಲಿಯಲ್ಲಿರುವ ಎಣ್ಣೆಗೆ ಉಣುಗು ಹೆದರುವುದಿಲ್ಲ. ಮೈತುಂಬ ಬಟ್ಟೆ ಇರಲಿ, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ ಹೋಗಲಿ. ಬೆಟ್ಟದಲ್ಲಿ ಆಸರಿ ಕುಡಿಯುವಾಗ ದರಕಿನ ಮೇಲೆಯೇ ಕೂರಬೇಡಿ, ಕಲ್ಲು ಹುಡುಕಿ. ಮನೆಗೆ ಬಂದವರು ನೇರ ಅಡುಗೆಮನೆಗೆ ಹೋಗಬೇಡಿ. ಹಿತ್ತಿಲ ಬಾಗಿಲಿನಿಂದಲೇ ಬಚ್ಚಲಿಗೆ ಹೋಗಿ, ಸಾಬೂನು ಹಾಕಿ ಬಿಸಿನೀರು ಸ್ನಾನ. ಉಟ್ಟ ಬಟ್ಟೆಯೂ ಅಲ್ಲೇ ಕುದಿಯುವ ನೀರಿಗೆ. ಮಿಂದಾದ ಮೇಲೆ ಕಿವಿಯ ಹಿಂದೆ, ಸೊಂಟದ ದಾರದ ಕೆಳಗೆ, ತೊಡೆಯ ಸಂದಿಯಲ್ಲಿ, ಮೊಣಕಾಲ ಹಿಂದೆ ಒಮ್ಮೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಒತ್ತಿ ಚಿಟ್ಟೆನ್ನಿಸಬೇಡಿ, ಚಿಕ್ಕಂದಿನಲ್ಲಿ ನೀನು ನಾಯಿಯ ಮೈಮೇಲಿನ ಉಣುಗನ್ನು ಹಾಗೆ ಒಡೆದು ಖುಷಿಪಡುತ್ತಿದ್ದೆ! ಮೇಯಲು ಬೆಟ್ಟಕ್ಕೆ ಹೋಗುವ ದನವೂ ಉಣುಗನ್ನು ಮನೆಗೆ ತರುತ್ತದೆ. ಪಶು ವೈದ್ಯರನ್ನು ಕೇಳಿದರೆ ಬೆನ್ನಿಗೆ ಹಚ್ಚುವ ಔಷಧ ಹೇಳುತ್ತಾರೆ. ತೋಟದಲ್ಲಿ ಮಂಗ ಸತ್ತುಬಿದ್ದಿದ್ದು ಕಂಡರೆ ಮುಟ್ಟಬೇಡ, ಹೂಳಲೂ ಹೋಗಬೇಡ. ಹೆಣ ತಣ್ಣಗಾಗುತ್ತಿದ್ದಂತೆ ಉಣುಗೆಲ್ಲ ಇಳಿದು ಬೇರೆ ರಕ್ತ ಹುಡುಕುತ್ತವೆ. ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಫೋನು ಮಾಡು, ಬಂದು ಸುತ್ತ ಪುಡಿ ಹೊಡೆಸುತ್ತಾರೆ.

ಇಲ್ಲಿ ತಂಗಿಯ ಕಿವಿಗೂ ಒಂದು ಮಾತು. ದರಕು ಗುಡಿಸಿ ಹೊರುವವರು ಹೆಚ್ಚಿನಂಶ ಹೆಂಗಸರು. ಯಜಮಾನನ ಕಾಲಿಗೆ ಗಂಬೂಟು, ಹೊರೆ ಹೊರುವವಳ ಕಾಲಿಗೆ ಹವಾಯಿ ಚಪ್ಪಲಿ. ಎಷ್ಟು ಮನೆಗಳಲ್ಲಿ ನೋಡಿದ್ದೇನೆ ಇದನ್ನು! ಮನೆಯವರಿಗೆ ಮಾತ್ರ ಎಣ್ಣೆ ತಂದುಕೊಂಡು ಕೆಲಸಕ್ಕೆ ಬರುವವರನ್ನು ಹಾಗೇ ಬೆಟ್ಟಕ್ಕೆ ಕಳಿಸುವ ಮನೆ ನಿಮ್ಮದಾಗದಿರಲಿ. ಆಳಿಗೆ ಕೂಲಿ ಕೊಟ್ಟ ಹಾಗೆಯೇ ಎಣ್ಣೆಯನ್ನೂ ಬೂಟನ್ನೂ ಕೊಡಬೇಕು. ಅವಳು ಸಂಜೆ ತನ್ನ ಮನೆಗೆ ಹೋಗಿ ಬಿಸಿನೀರು ಕಾಯಿಸುವಷ್ಟು ಹೊತ್ತಿಗೆ ಬಿಡಬೇಕು. ಇದು ನನಗೆ ಆರೋಗ್ಯದ ಮಾತೂ ಹೌದು, ಮರ್ಯಾದೆಯ ಮಾತೂ ಹೌದು.

ಇಷ್ಟೆಲ್ಲ ಮಾಡಿಯೂ ಜ್ವರ ಬಂದರೆ? ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಒಮ್ಮೆಗೇ ಮೈ ಸುಡುವ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮೀನಖಂಡ ಹಿಡಿದುಕೊಳ್ಳುವುದು, ವಾಂತಿ. ಆಸ್ಪತ್ರೆಗೆ ಹೋದ ಕೂಡಲೇ ಮೊದಲು ಹೇಳಬೇಕಾದದ್ದು ‘ಬೆಟ್ಟಕ್ಕೆ ಹೋಗಿದ್ದೆ’ ಎಂದು. ಬಯಲುಸೀಮೆಯಿಂದ ಹೊಸದಾಗಿ ಬಂದ ಎಳೆಯ ಡಾಕ್ಟರಿಗೆ ದರಕು ಎಂದರೇನೆಂದು ಗೊತ್ತಿರುವುದಿಲ್ಲ. ಆ ಒಂದು ಮಾತು ಕೇಳಿದರೆ ಅವರು ರಕ್ತ ತೆಗೆದು ಸರಿಯಾದ ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿಯ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ. ಈ ಜ್ವರದಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯ ಇದೆ, ಆ ಗುಳಿಗೆಗಳು ಅದನ್ನು ಹೆಚ್ಚಿಸುತ್ತವೆ. ಇನ್ನೊಂದು, ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು ಮತ್ತೆ ತಿರುಗುತ್ತದೆ. ಆಗ ಅದು ತಲೆಗೇರುತ್ತದೆ, ಮಂಕು, ನಡುಕ, ದೃಷ್ಟಿ ಮಸುಕು. ಬಿಟ್ಟಿತಲ್ಲ ಎಂದು ಮೂರನೇ ದಿನವೇ ಕತ್ತಿ ಹಿಡಿದು ತೋಟಕ್ಕೆ ಇಳಿಯುವ ಶೂರತನ ತೋರಿಸಬೇಡ.

ಮಳೆಗಾಲದ್ದು ಬೇರೆ ಕತೆ. ನಮ್ಮ ಇಡಗುಂಜಿಯ ಗಣಪತಿ ಎರಡು ಕೈಯವನು, ನಿಂತವನು, ಅವನ ಹತ್ತಿರ ಇಲಿ ಇಲ್ಲ. ಬೇರೆ ಕಡೆಯಿಂದ ಬಂದವರು ಅದನ್ನು ನೋಡಿ ಆಶ್ಚರ್ಯಪಡುತ್ತಾರೆ. ಇಲಿಗಳೆಲ್ಲ ಗದ್ದೆಗೆ ಹೋಗಿವೆ ಎಂದು ನಾನು ತಮಾಷೆ ಮಾಡುವುದುಂಟು. ಇಲಿಯ ಉಚ್ಚೆ, ದನದ್ದೂ ಸೇರಿ, ಗದ್ದೆ ತೋಟಗಳ ನಿಂತ ನೀರಿಗೆ ಸೇರುತ್ತದೆ. ಕಾಲಿನ ಬಿರುಕು, ತರಚು ಗಾಯಗಳ ಮೂಲಕ ಒಳಗೆ ಹೋದರೆ ಇಲಿ ಜ್ವರ. ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಲಾರದಷ್ಟು ನೋಯುತ್ತದೆ. ಬಿಗಡಾಯಿಸಿದರೆ ಕಾಮಾಲೆ, ಮೂತ್ರಪಿಂಡಕ್ಕೆ ಪೆಟ್ಟು. ಬೇಗ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯಾಟಿಕ್ಕಿಗೇ ಬಗ್ಗುವ ಕಾಯಿಲೆ ಅದು. ಸಾಯಿಸುವುದು ತಡವೇ. ಕಣ್ಣು ಹಳದಿಯಾಯಿತೆಂದು ಮೊದಲು ಬೇರಿನ ಮದ್ದಿಗೆ ಓಡುವ ಅಭ್ಯಾಸ ನಮ್ಮಲ್ಲಿದೆ, ಆ ತಡ ಅಲ್ಲಿಯೇ ಆಗುವುದು. ಮದ್ದು ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ರಕ್ತಪರೀಕ್ಷೆ, ಆಮೇಲೆ ಬೇಕಾದರೆ ಅವರ ಹತ್ತಿರ ಹೋಗು. ಬಾರದಂತೆ ತಡೆಯಲು ಬೇಕಾದದ್ದು ಇಷ್ಟೇ: ಗಾಯಕ್ಕೆ ಪಟ್ಟಿ, ಕಾಲಿಗೆ ಬೂಟು, ಗದ್ದೆಯಿಂದ ಬಂದು ಸಾಬೂನು ಹಾಕಿ ಕಾಲು ತೊಳೆಯುವುದು, ಅಡುಗೆಮನೆಯಲ್ಲಿ ಎಂಜಲು ತೆರೆದಿಡದಿರುವುದು. ದಿನವಿಡೀ ಕೆಸರಿನಲ್ಲಿ ನಿಲ್ಲುವವರಿಗೆ ವಾರಕ್ಕೊಂದು ಮುಂಜಾಗ್ರತೆಯ ಗುಳಿಗೆಯೂ ಇದೆ. ಅದನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಇನ್ನು ಡೆಂಗಿ ತರುವ ಸೊಳ್ಳೆಯ ಬಗ್ಗೆ ಹೇಳಿ ಹೇಳಿ ನನಗೂ ಬೇಸರ ಬಂದಿದೆ. ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಕವುಚಿ ಹಾಕಿ, ತೆಂಗಿನ ಕರಟದಲ್ಲಿ ನೀರು ನಿಲ್ಲಲು ಬಿಡಬೇಡಿ.

ಇನ್ನು ಕವಳ. ಇದನ್ನು ಹೇಳುವಾಗ ನನ್ನ ಅಣ್ಣ, ಅಂದರೆ ನಿನ್ನ ಅಪ್ಪ, ಎದ್ದು ತೋಟಕ್ಕೆ ಹೋಗುತ್ತಾನೆ. ಹೋಗಲಿ, ನೀನು ಕೂತುಕೋ. ನಮ್ಮ ಮನೆಗೆ ಯಾರು ಬಂದರೂ ಕಾಲಿಗೆ ನೀರು ಕೊಟ್ಟು, ಆಸರಿಗೆ ಕೇಳಿ, ಕವಳದ ಬಟ್ಟಲು ಮುಂದಿಡುತ್ತೇವೆ. ನಾನು ಕವಳ ಹಾಕುವುದಿಲ್ಲ ಎಂದರೆ ಮದುವೆಮನೆಯಲ್ಲಿ ಈಗಲೂ ಒಂದಿಬ್ಬರು ಮುಖ ನೋಡುತ್ತಾರೆ. ನಾವು ಉಣ್ಣುವ ಅನ್ನ ಅಡಿಕೆಯದು, ನಿನ್ನನ್ನು ಓದಿಸಿದ್ದು ಚಾಲಿ ಅಡಿಕೆ. ಅದರ ವಿರುದ್ಧ ಮಾತಾಡುವುದು ಸುಲಭವಲ್ಲ. ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ಬಾಯಿ ತೆರೆಯಲಾಗದೆ ಕೂತವರನ್ನು ನೋಡಿದ ಮೇಲೆ ಸುಮ್ಮನಿರಲೂ ಆಗುವುದಿಲ್ಲ.

ತಂಬಾಕಿನ ಎಸಳು ಕೆಟ್ಟದ್ದು, ಬರೀ ಎಲೆ ಅಡಿಕೆ ಸುಣ್ಣ ಏನೂ ಮಾಡುವುದಿಲ್ಲ ಎನ್ನುವುದು ನಮ್ಮವರ ನಂಬಿಕೆ. ಅರ್ಧ ಮಾತ್ರ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೇ ಬೇರೆಯಾಗಿಯೂ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಬೆಳೆಗಾರರ ಸಂಘಗಳು ಇದನ್ನು ಒಪ್ಪಿಲ್ಲ, ವಾದ ನಡೆಯುತ್ತಲೇ ಇದೆ. ಆ ವಾದ ಏನೇ ಇರಲಿ, ಅಡಿಕೆಯ ರಸ ಕೆನ್ನೆಯ ಒಳಪದರವನ್ನು ಬಿಗಿಯುತ್ತಾ ಹೋಗುವುದು ನಾನು ಕಣ್ಣಾರೆ ಕಂಡದ್ದು. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಕೆನ್ನೆಯ ಒಳಗೆ ಚರ್ಮ ಬಿಳಿಚಿ ದಪ್ಪವಾಗುತ್ತದೆ. ಕೊನೆಗೆ ಬಾಯಿ ಪೂರ್ತಿ ತೆರೆಯುವುದೇ ಇಲ್ಲ. ನಿನ್ನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಹೋಗುತ್ತದೆಯೇ ನೋಡು. ಹೋಗದಿದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗು. ಕನ್ನಡಿಯ ಮುಂದೆ ತಿಂಗಳಿಗೊಮ್ಮೆ ನಾಲಿಗೆ ಎತ್ತಿ, ಕೆನ್ನೆ ಎಳೆದು ನೋಡಿಕೊಳ್ಳುವ ರೂಢಿ ಕವಳ ಹಾಕುವ ಪ್ರತಿಯೊಬ್ಬರಿಗೂ ಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ‘ಉಷ್ಣಕ್ಕೆ ಬಂದದ್ದು’ ಎಂದು ಎಳನೀರು ಕುಡಿದು ಕೂರಬೇಡಿ. ಮೊದಮೊದಲು ಸಿಕ್ಕಿದ ಬಾಯಿ ಕ್ಯಾನ್ಸರ್ ಗುಣವಾಗುತ್ತದೆ. ತಡವಾಗಿ ಸಿಕ್ಕಿದ್ದಕ್ಕೆ ದವಡೆ ಕತ್ತರಿಸಬೇಕಾಗುತ್ತದೆ.

ಗುಟ್ಕಾವನ್ನು ಸರಕಾರ 2013ರಲ್ಲಿ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ ಮಾರಲು ಶುರುಮಾಡಿದರು, ಕೊಂಡವನು ಬಾಯಲ್ಲಿ ಬೆರೆಸುತ್ತಾನೆ. ನಿನ್ನ ಜೊತೆ ಯಕ್ಷಗಾನ ನೋಡಲು ಬರುವ ಹುಡುಗರು ನಿದ್ದೆ ಬಾರದಿರಲೆಂದು ಇದನ್ನೇ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನಿನ್ನ ಅಪ್ಪನ ಕವಳವನ್ನು ಬಿಡಿಸುವುದು ನನ್ನಿಂದ ಆಗಲಿಲ್ಲ. ಎಸಳು ಬಿಟ್ಟಿದ್ದಾನೆ, ರಾತ್ರಿ ಕೆನ್ನೆಯಲ್ಲಿ ಇಟ್ಟುಕೊಂಡು ಮಲಗುವುದನ್ನೂ ಬಿಟ್ಟಿದ್ದಾನೆ. ಅಷ್ಟಾದರೂ ಆಯಿತು. ಆದರೆ ನಿಮಗಿನ್ನೂ ಶುರುವೇ ಆಗಿಲ್ಲವಲ್ಲ, ಶುರುಮಾಡಬೇಡಿ. ಬಂದವರಿಗೆ ಬಟ್ಟಲು ಇಡಿ, ಪದ್ಧತಿ ಇರಲಿ, ನಿಮ್ಮ ಕೈ ಅದರತ್ತ ಹೋಗದಿರಲಿ. ‘ಹಾಗಾದರೆ ಬೆಳೆದು ಬೇರೆಯವರ ಬಾಯಿಗೆ ಹಾಕುವುದು ಸರಿಯೇ ಅತ್ತೆ’ ಎಂದು ತಂಗಿ ಮೊನ್ನೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಳುಮೆಣಸು, ಜಾಯಿಕಾಯಿ, ಏಲಕ್ಕಿಗಳನ್ನು ತೋಟದಲ್ಲಿ ಹೆಚ್ಚು ಮಾಡುವ ಯೋಚನೆ ನಿಮಗಿದ್ದರೆ ನನಗೆ ಖುಷಿ, ಅಷ್ಟು ಮಾತ್ರ ಹೇಳಬಲ್ಲೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಟ್ಸು ತರಿಸುವ ದುಡ್ಡಿನಲ್ಲಿ ಹಿತ್ತಿಲಿನಲ್ಲೇ ಇರುವ ಒಂದೆಲಗದ ತಂಬುಳಿ ಮಾಡಿಕೊಳ್ಳಿ. ಹಲಸಿನ ಕಾಲದಲ್ಲಿ ಹಲಸು, ಬಸಳೆಯ ಕಾಲದಲ್ಲಿ ಬಸಳೆ. ನಮ್ಮ ಅಡುಗೆಯ ದೋಷ ಎರಡೇ. ಒಂದು ಉಪ್ಪು. ಅಪ್ಪೆಮಿಡಿ, ಹಪ್ಪಳ, ಸಂಡಿಗೆ, ಮೇಲಿನಿಂದ ಅಪ್ಪೆಹುಳಿ. ದಿನಕ್ಕೆ ಒಬ್ಬರಿಗೆ ಐದು ಗ್ರಾಮಿಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕು ಎನ್ನುತ್ತಾರೆ. ನಮ್ಮ ಬಾಳೆಲೆಯ ತುದಿಯಲ್ಲೇ ಅಷ್ಟು ಇರುತ್ತದೆ. ಸಾಣಿಕಟ್ಟಾದ ಹರಳುಪ್ಪು ಮಿಡಿ ಹಾಕಲು ಇರಲಿ, ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪನ್ನೇ, ಅದೂ ಕೈ ಬಿಗಿಹಿಡಿದು ಹಾಕು. ಇನ್ನೊಂದು ಬೆಲ್ಲ. ಸಕ್ಕರೆ ಕಾಯಿಲೆ ಬಂದವರು ‘ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ’ ಎಂದು ದೋಸೆಯನ್ನು ಜೋನಿಬೆಲ್ಲದಲ್ಲಿ ಅದ್ದಿ ತಿನ್ನುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ಎರಡೂ ಒಂದೇ. ದೇವಸ್ಥಾನದ ಪಂಚಕಜ್ಜಾಯವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡರೂ ಅದು ಪ್ರಸಾದವೇ, ಮುಷ್ಟಿ ಬೇಕಿಲ್ಲ.

ಕೊನೆಯದು ಎದೆಯ ವಿಚಾರ. 2009ರ ಫೆಬ್ರವರಿಯಲ್ಲಿ, ಇದೇ ಇಡಗುಂಜಿಯ ರಥೋತ್ಸವದ ಆಟದಲ್ಲಿ, ಯಕ್ಷಗಾನದ ಕೆರೆಮನೆ ಶಂಭು ಹೆಗಡೆಯವರು ರಂಗದಲ್ಲೇ ಅಸ್ವಸ್ಥರಾಗಿ ತೀರಿಕೊಂಡರು. ಹೃದಯಾಘಾತ. ಅವರ ಕುಣಿತವನ್ನು ನೋಡಿದ ನಮಗೆ, ಜೀವಮಾನವಿಡೀ ಅಷ್ಟು ದೇಹ ದಂಡಿಸಿದವರಿಗೂ ಹೀಗಾಗುತ್ತದೆಯೇ ಎಂದು ನಂಬಲಾಗಲಿಲ್ಲ. ಆಗುತ್ತದೆ. ತೋಟದಲ್ಲಿ ದುಡಿಯುತ್ತೇವೆ, ನಮಗೆಲ್ಲಿಯ ಬಿಪಿ ಎನ್ನುವವರೇ ಇಲ್ಲಿ ಹೆಚ್ಚು. ಬಿಪಿಗೆ ನೋವಿಲ್ಲ, ಅಳೆಯದೆ ಗೊತ್ತಾಗುವುದಿಲ್ಲ. ಮೂವತ್ತು ದಾಟಿದ ನೀವಿಬ್ಬರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿ, ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಖರ್ಚಿಲ್ಲ. ಎದೆಯ ನಡುವೆ ಭಾರ ಹೇರಿದಂತಾಗಿ, ಎಡಗೈಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ ‘ಗ್ಯಾಸು’ ಎಂದು ಓಮದ ನೀರು ಕುಡಿಸುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ, ಮೊದಲು ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ವ್ಯವಸ್ಥೆ ಆಗಿದೆ. ಆ ಸೂಜಿ ಬಿದ್ದ ಮೇಲೆ ಮಣಿಪಾಲದ ದಾರಿ ಹಿಡಿದರೆ ದೂರ ಸ್ವಲ್ಪ ಕಡಿಮೆಯಾದ ಹಾಗೆ.

ನಿನ್ನ ಅಪ್ಪನಿಗೆ ಬಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ. ತಲೆ ತಿರುಗಿದ ದಿನ ಮಾತ್ರ ನುಂಗುತ್ತಾನೆ, ಉಳಿದ ದಿನ ‘ಈಗ ಆರಾಮಿದ್ದೇನಲ್ಲ’ ಎನ್ನುತ್ತಾನೆ. ನಾಳೆ ಬೆಳಿಗ್ಗೆ ಅವನ ಮಾತ್ರೆಯ ಪಟ್ಟಿ ತೆಗೆದು ಎಷ್ಟು ಉಳಿದಿದೆ ಎಂದು ಎಣಿಸು. ದಿನಾ ತಿಂಡಿಯ ಹೊತ್ತಿಗೆ ನೀರಿನ ಜೊತೆ ಎದುರಿಗಿಟ್ಟು, ನುಂಗುವ ತನಕ ಅಲ್ಲೇ ನಿಲ್ಲು. ಯಾರು ಹೇಳಿದ್ದೆಂದು ಕೇಳಿದರೆ ಅತ್ತೆ ಎನ್ನಬೇಡ, ನನ್ನ ಮಾತೆಂದರೆ ಅವನಿಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ತಂಗಿ ಹೇಳಿದಳು ಎನ್ನು. ಸೊಸೆಯ ಮಾತಿಗೆ ಇಲ್ಲವೆನ್ನಲಾರ.